ಪೂಜೆಗೆ ಕೂತ ಜ್ಯಾಕು

ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಕಳೆದು, ಬೀಸಿ, ದೊಡ್ಡ ಮಡಕೆಯಲ್ಲಿ ನೀರಿಟ್ಟು ಕುದಿಸಿದರೆ ಒಂದು ವಾಸನೆ ಬರುತ್ತದೆ. ಅತ್ತ ಸೀದ ರೊಟ್ಟಿಯದಲ್ಲ, ಇತ್ತ ಹುಳಿಯದೂ ಅಲ್ಲ. ಅದಕ್ಕೆ ಒದ್ದೆ ಉಣ್ಣೆಯ ಘಾಟು ಬೆರೆತರೆ ಜುಂಜಪ್ಪನಿಗೆ ಏಳು ವರ್ಷ ವಯಸ್ಸಾಗಿಬಿಡುತ್ತಿತ್ತು. ಅವನ ಅವ್ವ ಬೀದಿಯುದ್ದಕ್ಕೂ ಕಂಬಳಿಯ ನೂಲು ಎಳೆದು ಕಟ್ಟಿ, ಆ ಗಂಜಿಯನ್ನು ಕುಂಚದಲ್ಲಿ ಬಳಿಯುತ್ತಿದ್ದಳು. ಗಂಜಿ ಕುಡಿದ ನೂಲು ಬಿಸಿಲಿಗೆ ಒಣಗಿ ತಂತಿಯ ಹಾಗೆ ಬಿಗಿಯುತ್ತಿತ್ತು. ಅಂಥ ನೂಲಿನ ಕಂಬಳಿ ಹೊದ್ದವನ ಮೈಗೆ ಒಂದು ಹನಿ ಮಳೆ ಇಳಿಯುತ್ತಿರಲಿಲ್ಲ.

ಈ ವಾಸನೆ ಅರವತ್ತೆರಡನೆಯ ವಯಸ್ಸಿನಲ್ಲಿ, ಮಹಾನವಮಿಯ ಮಧ್ಯಾಹ್ನ, ತನ್ನ ಗ್ಯಾರೇಜಿನೊಳಗೆ ನಿಂತಿದ್ದಾಗ ಅವನಿಗೆ ನೆನಪಾಗದೇ ಹೋಗಿದ್ದರೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯವರೆಲ್ಲ ಆ ದಿನ ಹೊತ್ತಿಗೆ ಸರಿಯಾಗಿ ಹೋಳಿಗೆ ಉಂಡು ಮಲಗುತ್ತಿದ್ದರು.

ಜುಂಜಪ್ಪ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಜಾಲರಿ ಕಿಟಕಿಯ ಹಿಂದೆ ಕೂತು ಬೆಳಗ್ಗೆ ಸ್ಪ್ಯಾನರು, ಸುತ್ತಿಗೆ, ಅರ, ಉಳಿಗಳನ್ನು ಹುಡುಗರಿಗೆ ಕೊಡುವುದು, ಸಂಜೆ ಒರೆಸಿ ಒಳಗಿಡುವುದು ಅವನ ಕೆಲಸ. ಕಣ್ಣು ಮುಚ್ಚಿ ಸ್ಪ್ಯಾನರನ್ನು ಸವರಿ, ಇದು ಹದಿನಾಲ್ಕು ನಂಬರು, ಇದು ಹದಿನೇಳು ಎಂದು ಹೇಳಬಲ್ಲವನಾಗಿದ್ದ. ಆದರೆ ಅಷ್ಟು ವರ್ಷಗಳಲ್ಲಿ ಒಂದೇ ಒಂದು ನಟ್ಟನ್ನೂ ಅವನು ಸ್ವಂತ ಕೈಯಿಂದ ತಿರುಗಿಸಿರಲಿಲ್ಲ. ಮದುವೆಗೆ ಪಾತ್ರೆ ಬಾಡಿಗೆ ಕೊಡುವವನು, ಕೊಟ್ಟೂ ಕೊಟ್ಟೂ, ತಾನೇ ಅಡುಗೆಭಟ್ಟನೆಂದು ತಿಳಿದುಕೊಂಡರೆ ಹೇಗೋ ಹಾಗೆ ಜುಂಜಪ್ಪನೂ ತಾನೊಬ್ಬ ಮೆಕ್ಯಾನಿಕ್ಕೆಂದು ತಿಳಿದಿದ್ದ. ನಿವೃತ್ತನಾದ ಮೇಲೆ ಒಂದು ಹಳೇ ವ್ಯಾನು ತಂದ. ಮನೆಯ ಪಕ್ಕದ ಓಣಿಗೆ ತಗಡು ಹೊದಿಸಿ ಗ್ಯಾರೇಜು ಮಾಡಿದ. ಆ ಗ್ಯಾರೇಜು ವ್ಯಾನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗಿತ್ತು. ವ್ಯಾನು ಒಳಗೆ ಹೋದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಬಹುದು, ಅವನೂ ಉಸಿರು ಬಿಗಿ ಹಿಡಿದರೆ. ಗೋಡೆಯ ತುಂಬ ಹೊಸ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು. ಯಾವುದಕ್ಕೂ ಒಂದು ಗೀರು ಬಿದ್ದಿರಲಿಲ್ಲ.

ಹೆಂಡತಿ ಕ್ಯಾತಮ್ಮ ಈ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಅವಳು ಹೇಳಬೇಕಾದ್ದನ್ನು ಆರು ವರ್ಷದ ಹಿಂದೆ ಅವಳ ಅಕ್ಕ ಹೇಳಿ ಮುಗಿಸಿದ್ದಳು.

ಅಕ್ಕ ಕೆಂಚಕ್ಕನ ಮನೆ ಮೊಳಕಾಲ್ಮುರಿನಲ್ಲಿ. ಮಗ ಶಿವಣ್ಣ ಕೆಲಸ ಕಲಿತು ರೇಷ್ಮೆ ಮಗ್ಗ ಹಾಕಿದ್ದ. ಆರು ವರ್ಷದ ಹಿಂದೆ ಜುಂಜಪ್ಪ ಹೆಂಡತಿಯೊಡನೆ ಅಲ್ಲಿಗೆ ಹೋದಾಗ ಮಗ್ಗ ಕಿರ್ ಕಿರ್ ಎನ್ನುತ್ತಿತ್ತು. ಅಂಥ ಸದ್ದು ಕೇಳಿದರೆ ಅವನ ಕೈ ಸುಮ್ಮನಿರುವ ಜಾತಿಯದಲ್ಲ. ಚಳ್ಳಕೆರೆಯವರಿಗೆ ಕಡಲೆಕಾಯಿ ಎಣ್ಣೆಯಿಂದ ಆಗದ ಕೆಲಸವಿಲ್ಲ. ಅಕ್ಕನಿಗೆಂದು ತಂದಿದ್ದ ಎಣ್ಣೆಯ ಕ್ಯಾನನ್ನೇ ಹಿಡಿದು, ಸ್ಟೂಲು ಹತ್ತಿ, ಮಗ್ಗದ ಮೇಲಿನ ತೊಲೆಗೆ ಧಾರಾಳವಾಗಿ ಸುರಿದ. ಮಗ್ಗದ ಸದ್ದು ಅಡಗಿತು. ಕೆಳಗೆ, ಯಾರದೋ ಮದುವೆಗೆಂದು ಹದಿನೇಳು ದಿನದಿಂದ ನೇಯುತ್ತಿದ್ದ ಸೀರೆಯ ಮೇಲೆ ಎಣ್ಣೆ ಹನಿ ಹನಿಯಾಗಿ ಇಳಿಯಿತು. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಕೆಂಚಕ್ಕ ಸೀರೆಯನ್ನು ನೋಡಿ, ತಂಗಿಯನ್ನು ನೋಡಿ, “ಕ್ಯಾತಿ, ನಿನ್ನ ಗಂಡನ್ನ ಕರ್ಕೊಂಡು ಹೋಗವ್ವ,” ಎಂದಳು. ಅಷ್ಟೇ. ಅಂದಿನಿಂದ ಹೋಗಿಬರುವುದು ನಿಂತಿತ್ತು.

ಈ ವರ್ಷ ನವರಾತ್ರಿ ಶುರುವಾದ ದಿನ ಕೆಂಚಕ್ಕ ತಾನಾಗಿ ಫೋನು ಮಾಡಿದಳು. “ವಿಜಯದಶಮಿಗೆ ಬನ್ನಿ ಕೊಡೋಕೆ ಬಾರೇ. ಎಷ್ಟು ವರ್ಷ ಹಿಂಗೇ ಇರೋದು? ಅವರ್ನೂ ಕರ್ಕೊಂಡು ಬಾ. ಆದ್ರೆ ಬರಿಗೈಲಿ ಬರೋಕೆ ಹೇಳು. ಕೈಲಿ ಒಂದು ಸ್ಕ್ರೂ ಡ್ರೈವರ್ ಕಂಡ್ರೂ ನಾನು ಬಾಗಿಲು ಹಾಕ್ಕೊಂತೀನಿ.”

ಕ್ಯಾತಮ್ಮ ಅಂದೇ ಪೇಟೆಗೆ ಹೋಗಿ ಅಕ್ಕನಿಗೆ ಒಂದು ಡಜನ್ ಹಸಿರು ಬಳೆ ತಂದು, ಬಟ್ಟೆಯ ಚೀಲದೊಳಗಿಟ್ಟು, ನಡುಮನೆಯ ಮೊಳೆಗೆ ತೂಗುಹಾಕಿದಳು. ಎಂಟು ದಿನದಿಂದ ಆ ಚೀಲ ಅಲ್ಲೇ ಇತ್ತು. ಹೋಗುತ್ತಾ ಬರುತ್ತಾ ಅವಳು ಅದನ್ನೊಮ್ಮೆ ಮುಟ್ಟುತ್ತಿದ್ದಳು.

ಜುಂಜಪ್ಪನಿಗೆ ಮಾತ್ರ ‘ಬರಿಗೈ’ ಎಂಬುದು ಎದೆಗೆ ನಾಟಿತ್ತು. “ಆಯ್ತು, ಬರಿಗೈಲೇ ಬರ್ತೀನಿ. ಆದ್ರೆ ಸ್ವಂತ ವ್ಯಾನಲ್ಲಿ ಬರ್ತೀನಿ. ಬಾಗಿಲ ಮುಂದೆ ಅದು ಜೇನ್ನೊಣದಂಗೆ ಗುಂಯ್ ಅಂತ ಬಂದು ನಿಂತ್ರೆ, ನಿಮ್ಮಕ್ಕನೇ ಕೇಳ್ಬೇಕು, ಇದನ್ನ ಇಷ್ಟು ಚೆನ್ನಾಗಿ ಇಟ್ಟೋರು ಯಾರು ಅಂತ.”

“ಎಂಟು ಗಂಟೆಗೆ ಬಸ್ಸು ಐತಲ್ರೀ,” ಎಂದಳು ಕ್ಯಾತಮ್ಮ.

“ಬಸ್ಸಿಗೆ ಎಲ್ರೂ ಹೋಗ್ತಾರೆ.”

ಹೀಗಿರುವಾಗ ಆಯುಧ ಪೂಜೆ ಬಂತು. ಈ ಸಲ ಪೂಜೆ ತನ್ನ ಗ್ಯಾರೇಜಿನಲ್ಲಿ, ಇಡೀ ಬೀದಿಯದು ಒಟ್ಟಿಗೇ ಆಗಬೇಕೆಂದು ಜುಂಜಪ್ಪ ಸಾರಿದ. ಪಕ್ಕದ ಮನೆಯ ಕಾಟಪ್ಪ ತನ್ನ ಆಟೋದ ಸಾಮಾನನ್ನೆಲ್ಲ ತಂದ. ಎದುರು ಮನೆಯ ನಾಗೇಂದ್ರಪ್ಪ ಕಂದಾಯ ನಿರೀಕ್ಷಕ. ಅವನಿಗೆ ಆಯುಧವೆಂದು ಇದ್ದದ್ದು ಒಂದು ಸೀಲು, ಒಂದು ಪೆನ್ನು, ಅವನ್ನೇ ತಂದಿಟ್ಟ. ಬಡಗಿಯ ಗರಗಸ, ಟೈಲರನ ಕತ್ತರಿ, ನಲ್ಲಿ ರಿಪೇರಿಯವನ ಪೈಪ್ ರೆಂಚು ಎಲ್ಲವೂ ಬಂದು ಗ್ಯಾರೇಜಿನ ಬಾಗಿಲ ಮಗ್ಗುಲಲ್ಲಿ ಬಾಳೆ ಎಲೆಯ ಮೇಲೆ ಸಾಲಾಗಿ ಕೂತವು. ನಡುವೆ, ದೇವರ ಜಾಗದಲ್ಲಿ, ಜುಂಜಪ್ಪನ ಹೊಸ ಜ್ಯಾಕು. ಅದಕ್ಕೆ ವಿಭೂತಿ, ಕುಂಕುಮ, ಮೊಳ ಚೆಂಡುಹೂ, ತಲೆಯ ಮೇಲೊಂದು ನಿಂಬೆಹಣ್ಣು.

ಅಷ್ಟರಲ್ಲಿ ಕ್ಯಾತಮ್ಮ ಸೆರಗಿನಲ್ಲಿ ಏನನ್ನೋ ಹಿಡಿದು ಬಂದು, ಸಾಲಿನ ತುದಿಯಲ್ಲಿ ಮೆಲ್ಲಗೆ ಇಡಲು ಬಗ್ಗಿದಳು. ಈಳಿಗೆ ಮಣೆ, ಇಕ್ಕಳ, ಮುದ್ದೆ ತಿರುವುವ ಕೋಲು.

“ಅಡುಗೆ ಸಾಮಾನು ಆಯುಧ ಅಲ್ಲ ಕಣೇ,” ಎಂದ ಜುಂಜಪ್ಪ, ನಾಲ್ಕು ಜನರ ಮುಂದೆ.

ಕ್ಯಾತಮ್ಮ ಅವನ್ನು ಮತ್ತೆ ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು. ಅದೂ ನಿಜವೇ. ಅವಕ್ಕೂ ಪೂಜೆ ಮಾಡಿ ಒಂದು ದಿನ ರಜೆ ಕೊಟ್ಟರೆ ಹಬ್ಬದ ಅಡುಗೆ ಮಾಡುವವರು ಯಾರು?

ಮಂಗಳಾರತಿ ಆದ ಅರ್ಧ ಗಂಟೆಗೆ ಕಾಟಪ್ಪ ತಲೆ ಕೆರೆಯುತ್ತಾ ಬಂದ. “ಅಣ್ಣ, ಹದಿನಾಲ್ಕು ನಂಬರ್ ಸ್ಪ್ಯಾನರ್ ಐದೇ ನಿಮಿಷ ಕೊಡ್ರಿ. ಆಟೋದ ಕನ್ನಡಿ ಸಡ್ಲಾಗೈತೆ.”

ಜುಂಜಪ್ಪ ಗಾಬರಿಯಿಂದ ಎರಡೂ ಕೈ ಅಡ್ಡ ಚಾಚಿದ. “ಲೇ ಕಾಟಪ್ಪ, ಪೂಜೆಗೆ ಕೂತ ಆಯುಧ ಅಂದ್ರೆ ಹಸೀ ಬಾಣಂತಿ ಇದ್ದಂಗೆ. ನಾಳೆ ಬೆಳಗ್ಗೆವರೆಗೂ ಎಬ್ಬಿಸಂಗಿಲ್ಲ.”

“ಎಬ್ಬಿಸಿದ್ರೆ?”

“ಮುಟ್ಟಿದ ಕೈ ವರ್ಷಪೂರ್ತಿ ಮೇಲೇಳಲ್ಲ.”

ಈಗ ಎಬ್ಬಿಸಬಾರದೆಂಬುದು ಹಿರಿಯರು ನಡೆಸಿಕೊಂಡು ಬಂದದ್ದು. ಕೈ ಏಳುವುದಿಲ್ಲವೆಂಬುದು ಜುಂಜಪ್ಪ ಅಲ್ಲೇ, ನಿಂತ ನಿಲುವಿನಲ್ಲಿ ಸೇರಿಸಿದ್ದು. ಕಾಟಪ್ಪ ತನ್ನ ಕೈಗಳನ್ನು ನೋಡಿಕೊಂಡು ಹಿಂದೆ ಸರಿದ. ನಿಂತಿದ್ದವರೆಲ್ಲ ತಂತಮ್ಮ ಕೈ ನೋಡಿಕೊಂಡರು.

ಆಮೇಲೆ ವ್ಯಾನಿನ ಸರದಿ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸಬೇಕಲ್ಲ, ಜುಂಜಪ್ಪ ಗಂಭೀರನಾಗಿ ಹತ್ತಿ ಕೂತು ಬೀಗದಕೈ ತಿರುಗಿಸಿದ. ವ್ಯಾನು ಜೇನ್ನೊಣದಂತೆ ಗುಂಯ್ ಎನ್ನಲಿಲ್ಲ. ಕಡಲೆಕಾಯಿ ಒಕ್ಕುವ ಯಂತ್ರದ ಹಾಗೆ ಆರ್ಭಟಿಸಿತು. ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ಯಾವ ಮನೆಯದೋ ಎಳೆಗೂಸು ಅಳತೊಡಗಿತು. ಸೈಲೆನ್ಸರಿನ ಕೊಳವೆ ನಟ್ಟನಡುವೆ ತೂತಾಗಿತ್ತು.

ಮೆಕ್ಯಾನಿಕ್ ಗೋವರ್ಧನನಿಗೆ ಫೋನು ಹೋಯಿತು. ಅವನು ಅಂಗಡಿಯ ಸಾಮಾನನ್ನೆಲ್ಲ ಪೂಜೆಗಿಟ್ಟು, ಬಾಗಿಲೆಳೆದು, ಹಬ್ಬಕ್ಕೆ ತನ್ನೂರು ನನ್ನಿವಾಳಕ್ಕೆ ಹೋಗಿದ್ದ. “ಸಾರ್, ನಾಡಿದ್ದು ಬಂದು ಮಾಡಿಕೊಡ್ತೀನಿ. ಅಲ್ಲೀವರ್ಗೂ ನೀವು ಏನೂ ಮುಟ್ಟಬ್ಯಾಡ್ರಿ. ಕೈಮುಗಿತೀನಿ, ಬಸ್ಸಿಗೆ ಹೋಗಿಬನ್ನಿ.”

ಫೋನಿಟ್ಟ ಜುಂಜಪ್ಪ ಗ್ಯಾರೇಜಿನಲ್ಲಿ ಒಬ್ಬನೇ ನಿಂತ. ಆಗಲೇ ಆ ವಾಸನೆ ನೆನಪಾದದ್ದು. ಅವ್ವ ಗಂಜಿ ಹಾಕಿ ನೇಯ್ದ ಕಂಬಳಿ ಮೂವತ್ತು ವರ್ಷ ಮಳೆಯನ್ನು ಹೊರಗಿಟ್ಟಿತ್ತು. ಮಳೆಯನ್ನು ಹೊರಗಿಡುವ ಕಂಬಳಿ ಹೊಗೆಯನ್ನು ಒಳಗಿಡಲಾರದೇ? ಇದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ತಪ್ಪು ಕಾಣುವುದಕ್ಕೆ ತಪ್ಪಿನಿಂದ ಸ್ವಲ್ಪ ದೂರ ನಿಲ್ಲಬೇಕಾಗುತ್ತದೆ, ಆ ಗ್ಯಾರೇಜಿನಲ್ಲಿ ಅಷ್ಟು ಜಾಗವಿರಲಿಲ್ಲ.

ಟ್ರಂಕಿನ ತಳದಲ್ಲಿ ಅವ್ವನ ಕೊನೆಯ ಕಂಬಳಿ ಇತ್ತು. ಅದರ ಒಂದು ಮೂಲೆಯನ್ನು ಜುಂಜಪ್ಪ ಕತ್ತರಿಸಿದ. ಕತ್ತರಿ ಪೂಜೆಯಲ್ಲಿತ್ತು, ಆದ್ದರಿಂದ ಈಳಿಗೆ ಮಣೆಯಲ್ಲಿ ಹೆಚ್ಚಿದ. ಒಲೆಯ ಮೇಲಿದ್ದ ಬೇಳೆಯನ್ನು ಇಳಿಸಿ, ಹುಣಸೆ ಬೀಜ ಹುರಿದು, ಬೀಸುವ ಕಲ್ಲಿನಲ್ಲಿ ಬೀಸಿ, ಹಿಟ್ಟಿಗೆ ನೀರು ಹಾಕಿ ಏರಿಸಿ, ಮುದ್ದೆ ಕೋಲಿನಲ್ಲಿ ತಿರುವಿದ. ತಟ್ಟಬೇಕಾಗಿದ್ದ ಹೋಳಿಗೆಯ ಕಣಕ ಒದ್ದೆ ಬಟ್ಟೆಯೊಳಗೆ ಕಾಯುತ್ತಾ ಕೂತಿತು. ಕ್ಯಾತಮ್ಮ ಕಂಬಳಿಯ ಕತ್ತರಿಸಿದ ಮೂಲೆಯನ್ನು ನೋಡಿದಳು. ಅತ್ತೆ ಅದನ್ನು ಹೊದ್ದೇ ಹೋದದ್ದು ಅವಳಿಗೆ ನೆನಪಿತ್ತು. ಉಳಿದದ್ದನ್ನು ಮಡಚಿ ಟ್ರಂಕಿಗೆ ಸೇರಿಸಿದಳು.

ಈಗ ವ್ಯಾನನ್ನು ಎತ್ತಬೇಕು. ಜ್ಯಾಕು ಬಾಣಂತಿ. ಜುಂಜಪ್ಪ ಒನಕೆಯನ್ನು ಸನ್ನೆಗೋಲು ಮಾಡಿ ವ್ಯಾನಿನ ಒಂದು ಮಗ್ಗುಲನ್ನು ಎತ್ತಿ, ಕೆಳಗೆ ಒರಳಿನ ಗುಂಡುಕಲ್ಲನ್ನು ನಿಲ್ಲಿಸಿದ. ಇಂಥದನ್ನು ಒಬ್ಬನೇ ಹೇಗೆ ಮಾಡಿದನೆಂದು ಆಮೇಲೆ ಇಡೀ ಬೀದಿಯೇ ಕೇಳಿತು. ಹಟಕ್ಕೆ ಬಿದ್ದವನ ಮೈಯಲ್ಲಿ ಹತ್ತಾಳಿನ ಬಲವಿರುತ್ತದೆ, ಒಂದಾಳಿನ ಬುದ್ಧಿಯೂ ಇರುವುದಿಲ್ಲ.

ಟೀ ಹಿಡಿದು ಬಂದ ಕ್ಯಾತಮ್ಮ ಬಗ್ಗಿ ನೋಡಿದಳು. “ರೀ, ಅದು ಗುಂಡಗೈತೆ.”

“ಗುಂಡುಕಲ್ಲು ಗುಂಡಗಿರ್ದೆ ಚೌಕ ಇರ್ತದಾ?”

“ಉರುಳ್ತದೆ ಅಂದೆ.”

“ಅರ್ಧ ಮಣ ತೂಕ ಐತೆ. ಎಲ್ಲಿಗೆ ಹೋಗ್ತದೆ?”

ಅವಳು ಟೀ ಲೋಟವನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಜುಂಜಪ್ಪ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಹಾಗೇ ಬಿಟ್ಟ. ಅವ್ವನ ನೂಲು ಒಣಗಲು ಬಿಸಿಲಿತ್ತು, ವ್ಯಾನಿನ ಕೆಳಗೆ ಬಿಸಿಲೆಲ್ಲಿ? ಕೊಳವೆಯೇ ಕಾದಿದ್ದರೆ ಗಂಜಿ ತಾನಾಗಿ ಒಣಗುತ್ತದೆಂಬುದು ಲೆಕ್ಕ. ತಗಡಿನ ಗೂಡಿನ ತುಂಬ ಹೊಗೆಯಾಯಿತು. ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಗಾಳಿಗೆಂದು ಬೀದಿಗೆ ಹೋಗಿ ಐದು ನಿಮಿಷ ನಿಂತು ಬಂದ. ಎಂಜಿನ್ ನಿಲ್ಲಿಸಿ, ಗಂಜಿಯಲ್ಲಿ ಅದ್ದಿದ ಕಂಬಳಿಯ ತುಂಡು ಹಿಡಿದು, ಅಂಗಾತ ಮಲಗಿ ಒಳಗೆ ಜಾರಿದ.

ಮುಂದಿನದೆಲ್ಲ ಒಂದೇ ಉಸಿರಿನಲ್ಲಿ ಆಯಿತು. ಎರಡೂ ಅಂಗೈಗಳಿಂದ ಕಂಬಳಿಯನ್ನು ಕೊಳವೆಗೆ ಒತ್ತಿ ಹಿಡಿದ. ಗಂಜಿ ಚುರ್ ಎಂದಿತು, ಅಂಗೈಯೂ ಚುರ್ ಎಂದಿತು. ಅವನು ಮೊಣಕಾಲನ್ನು ಝಾಡಿಸಿದ. ಮೊಣಕಾಲು ಗುಂಡುಕಲ್ಲಿಗೆ ತಾಗಿತು. ಗುಂಡುಕಲ್ಲು, ಅರ್ಧ ಮಣ ತೂಕವಿದ್ದರೂ, ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ಉರುಳುತ್ತಾ ಉರುಳುತ್ತಾ ಹೋಗಿ, ಪೂಜೆಯ ಸಾಲಿನ ಮುಂದೆ, ಜ್ಯಾಕಿಗೆ ಎದುರಾಗಿ, ದರ್ಶನಕ್ಕೆ ಬಂದ ಭಕ್ತನಂತೆ ನಿಂತಿತು. ವ್ಯಾನು ಢಬ್ಬೆಂದು ಕೆಳಗಿಳಿಯಿತು.

“ಏನ್ರೀ ಅದು?” ಕ್ಯಾತಮ್ಮ ಒಳಗಿಂದ ಕೇಳಿದಳು.

“ಏನಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಕಾಟಪ್ಪ ಇದ್ರೆ ಸ್ವಲ್ಪ ಕರಿ.”

“ಯಾಕೆ?”

“ಸುಮ್ನೆ. ಮಾತಾಡೋಕೆ.”

ಕಾಟಪ್ಪ ಬಂದ. ವ್ಯಾನಿನ ಕೆಳಗಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. “ಅಣ್ಣ, ಏನ್ ಮಾಡ್ತಿದ್ದೀರಾ?”

“ಮಲಗಿದೀನಿ.”

“ಎದ್ದು ಬರ್ರಿ ಮತ್ತೆ.”

“ಹೊಟ್ಟೆ ಒಪ್ತಿಲ್ಲ ಕಣೋ.”

ವ್ಯಾನಿನ ಕಬ್ಬಿಣದ ಪಟ್ಟಿ ಅವನ ಹೊಟ್ಟೆಯ ಮೇಲೆ ಹಗುರಾಗಿ, ಆದರೆ ಅಲುಗದಂತೆ ಕೂತಿತ್ತು. ಅದಕ್ಕಿಂತ ಕೆಳಗೆ ಅದು ಯಾಕೆ ಇಳಿಯಲಿಲ್ಲವೆಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಕಾಟಪ್ಪ ಬಗ್ಗಿ ನೋಡಿ ಬಿಳಿಚಿಕೊಂಡ. ಎರಡೇ ನಿಮಿಷದಲ್ಲಿ ಬೀದಿಯೆಲ್ಲ ಬಾಗಿಲಲ್ಲಿತ್ತು. ಹಬ್ಬದ ದಿನವಾದ್ದರಿಂದ ಗಂಡಸರಿಗೆ ಬರವಿರಲಿಲ್ಲ, ಆದರೆ ಗ್ಯಾರೇಜಿನೊಳಗೆ ವ್ಯಾನಿನ ಪಕ್ಕ ನಿಲ್ಲಬಹುದಾದದ್ದು ಒಬ್ಬನೇ. ಎಳೆದರೆ ವ್ಯಾನು ಹೊಟ್ಟೆಯ ಮೇಲೆ ಹಾಯುತ್ತದೆ. ನೂಕಿದರೂ ಹಾಗೇ. ಎತ್ತಲು ಒಂದೇ ದಾರಿ. ಎಲ್ಲರ ಕಣ್ಣೂ ಪೂಜೆಯ ಸಾಲಿನ ನಡುವೆ ನಿಂಬೆಹಣ್ಣು ಹೊತ್ತು ಕೂತಿದ್ದ ಜ್ಯಾಕಿನ ಕಡೆಗೆ ತಿರುಗಿದವು. ಆಮೇಲೆ ಎಲ್ಲರೂ ತಂತಮ್ಮ ಕೈ ನೋಡಿಕೊಂಡರು.

ನಾಗೇಂದ್ರಪ್ಪ ಮುಂದೆ ಬಂದ. “ಯಾರೂ ಏನೂ ಮುಟ್ಟಬ್ಯಾಡ್ರಿ. ಮೊದಲು ಸ್ಥಳ ಪರಿಶೀಲನೆ ಆಗಲಿ.” ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದು, ಪಾದಗಳ ಕಡೆಗೆ ಬಗ್ಗಿ ಕೇಳಿದ, “ಒಳಗಿರೋರು ಯಾರು? ಹೆಸರು ಹೇಳ್ರಿ.”

“ಲೇ ನಾಗೇಂದ್ರಪ್ಪ, ಬೆಳಗ್ಗೆ ನಮ್ಮನೇಲೇ ಚಿತ್ರಾನ್ನ ತಿಂದೆ!”

“ಅದು ಬೇರೆ ವಿಷಯ. ವ್ಯಾನು ಯಾರ ಹೆಸರಲ್ಲೈತೆ?”

ಯಾರೋ ಅಗ್ನಿಶಾಮಕದವರಿಗೆ ಫೋನು ಮಾಡಿದರು. ಹೊರಟೆವು ಎಂದರು. ಬಾಳೆಕಂದಿನ ಗಾಡಿ, ಕುಂಬಳಕಾಯಿ ರಾಶಿ, ಹೂವಿನ ಅಂಗಡಿಗಳನ್ನು ದಾಟಿಕೊಂಡು ಅವರು ಬರಬೇಕಿತ್ತು.

“ಕಾಟಪ್ಪ, ನೀನು ಜ್ಯಾಕ್ ಹಾಕೋದ್ರಲ್ಲಿ ಪಳಗಿದೋನು. ಎತ್ತಪ್ಪ,” ಎಂದರು ಜನ.

“ಎತ್ತೋಕೇನೋ ಎತ್ತೇನು. ವರ್ಷಪೂರ್ತಿ ಕೈ ಏಳದಿದ್ರೆ ಆಟೋ ನಿಮ್ಮಪ್ಪ ಓಡಿಸ್ತಾನಾ?” ಎಂದ ಕಾಟಪ್ಪ. ಮತ್ತೆ ಪಾದಗಳ ಕಡೆ ತಿರುಗಿ ಗೋಗರೆದ. “ಅಣ್ಣ, ಒಂದೇ ಒಂದು ಮಾತು ಹೇಳಿಬಿಡ್ರಿ. ಬೆಳಗ್ಗೆ ನೀವು ಅಂದಿದ್ದು ಸುಳ್ಳು ಅಂತ ಹೇಳ್ರಿ, ಈಗ್ಲೇ ಎತ್ತಿಬಿಡ್ತೀನಿ.”

ಬೀದಿಗೆ ಬೀದಿಯೇ ಕೇಳಿಸಿಕೊಳ್ಳುತ್ತಿರುವಾಗ ಅಷ್ಟು ಸುಲಭವಾಗಿ ಸುಳ್ಳನ್ನು ಸುಳ್ಳೆನ್ನಲು ಆಗುತ್ತದೆಯೇ? “ಗುಡಿ ಪೂಜಾರಪ್ಪನ್ನ ಕೇಳ್ರಿ,” ಎಂದಿತು ಒಳಗಿನ ದನಿ.

ಪೂಜಾರಪ್ಪನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದರು. ಅತ್ತ ಗಂಟೆ ಬಾರಿಸುತ್ತಿತ್ತು. “ಜೀವಕ್ಕೆ ಅಪಾಯ ಐತಾ?” ಎಂದು ಪೂಜಾರಪ್ಪ ಕೇಳಿದ.

ಎಲ್ಲರೂ ಪಾದಗಳನ್ನು ನೋಡಿದರು. “ಸ್ವಲ್ಪ ಐತೆ ಅನ್ರಿ,” ಎಂದ ಜುಂಜಪ್ಪ, ಮರ್ಯಾದೆ ಉಳಿಸಿಕೊಳ್ಳುತ್ತಾ.

“ಸ್ವಲ್ಪ ಅಪಾಯಕ್ಕೆಲ್ಲ ಪೂಜೆ ಕದಲಿಸೋಕೆ ಬರಲ್ಲ. ಪೂರ್ತಿ ಅಪಾಯ ಆದ್ರೆ ಎತ್ರಿ,” ಎಂದು ಪೂಜಾರಪ್ಪ ಫೋನಿಟ್ಟ. ಅವನ ಮುಂದೆ ಇಪ್ಪತ್ತು ಟ್ರ್ಯಾಕ್ಟರು ಕಾಯುತ್ತಿದ್ದವು.

ಸ್ವಲ್ಪ ಯಾವುದು, ಪೂರ್ತಿ ಯಾವುದು ಎಂಬ ವಾದ ಶುರುವಾಯಿತು. ಉಸಿರಾಡುತ್ತಿರುವತನಕ ಸ್ವಲ್ಪವೇ ಎಂದ ಬಡಗಿ. ಉಸಿರು ನಿಂತ ಮೇಲೆ ಜ್ಯಾಕು ಎತ್ತಿ ಪ್ರಯೋಜನವೇನು ಎಂದ ಟೈಲರು. ಇದನ್ನೆಲ್ಲ ಬರೆದುಕೊಳ್ಳಲು ನಾಗೇಂದ್ರಪ್ಪ ಪೆನ್ನು ಹುಡುಕಿದ, ಪೆನ್ನು ಪೂಜೆಯಲ್ಲಿತ್ತು. ಕಾಟಪ್ಪನೂ ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದ. ಆದರೆ ಅವನು ನೆಲಕ್ಕೆ ಕೂತು, ಅಷ್ಟೂ ಹೊತ್ತು, ಹೊರಗೆ ಕಾಣುತ್ತಿದ್ದ ಜುಂಜಪ್ಪನ ಎಡಗಾಲಿನ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಿದ್ದ.

ಕೆಳಗೆ ಜುಂಜಪ್ಪನ ಹಣೆಯ ಮೇಲೆ ಎಂಜಿನ್ನಿನ ಕಪ್ಪು ಎಣ್ಣೆ ತೊಟ್ಟಿಕ್ಕತೊಡಗಿತ್ತು. ಒಂದು ಹನಿ. ಆಮೇಲೊಂದು ಹನಿ. ಒರೆಸಿಕೊಳ್ಳಲು ಕೈ ಬರುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಶಿವಣ್ಣನ ಸೀರೆಯ ಬಣ್ಣ ಯಾವುದಿತ್ತೆಂದು ನೆನಪು ಮಾಡಿಕೊಂಡ. ತುಂಬೆಹೂವಿನಷ್ಟು ಬಿಳಿ, ಕೆಂಪು ಅಂಚು.

ಆಗ ಜನ ದಾರಿ ಬಿಟ್ಟರು. ಕ್ಯಾತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಪೂಜೆಯ ಮುಂದೆ ನಿಂತಿದ್ದಳು.

“ಅಕ್ಕ, ಮುಟ್ಟಬ್ಯಾಡ್ರಿ, ಕೈ ಏಳಲ್ಲ!” ಎಂದ ಕಾಟಪ್ಪ.

“ನನ್ನ ಈಳಿಗೆ ಮಣೆ, ಇಕ್ಕಳ, ಕೋಲು, ಒನಕೆ, ಗುಂಡು ಎಲ್ಲಾ ಬೆಳಗ್ಗಿಂದ ದುಡಿದಾವಪ್ಪ,” ಎಂದಳು ಕ್ಯಾತಮ್ಮ. “ಹಬ್ಬದ ದಿನ ಅವು ದುಡಿದ್ರೆ ಆಗದ ದೋಷ, ಇದೊಂದು ದುಡಿದ್ರೆ ಆಗ್ತದಾ?”

ಅವಳು ಜ್ಯಾಕಿನ ತಲೆಯ ನಿಂಬೆಹಣ್ಣನ್ನು ತೆಗೆದು ಎಲೆಯ ಮೇಲಿಟ್ಟಳು. ಹೂವನ್ನು ಬಿಡಿಸಿ ಗುಂಡುಕಲ್ಲಿನ ಮೇಲಿಟ್ಟಳು. “ತಪ್ಪಾತಪ್ಪ, ಮಲಗಿದ್ದೋನ್ನ ಎಬ್ಬಿಸ್ತಿದ್ದೀನಿ,” ಎಂದು ಜ್ಯಾಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎತ್ತಿಕೊಂಡು ವ್ಯಾನಿನ ಪಕ್ಕಕ್ಕೆ ಹೋದಳು. ಎಲ್ಲಿಡಬೇಕೆಂದು ಕಾಟಪ್ಪ ಬೆರಳು ತೋರಿಸಿದ, ಕೈ ತಾಗದಷ್ಟು ದೂರದಿಂದ. ಅವಳು ಹಿಡಿ ಸಿಕ್ಕಿಸಿ ತಿರುಗಿಸತೊಡಗಿದಳು. ಮನೆತುಂಬ ನೆಂಟರಿದ್ದ ಕಾಲದಲ್ಲಿ ಐದು ಸೇರು ಹಿಟ್ಟಿನ ಮುದ್ದೆ ತಿರುವಿದ ಕೈ ಅದು. ಜ್ಯಾಕು ಮರುಮಾತಾಡಲಿಲ್ಲ. ವ್ಯಾನು ಒಂದೊಂದೇ ಬೆರಳು ಮೇಲೆದ್ದಿತು.

ಕಾಟಪ್ಪ ಎರಡೂ ಪಾದ ಹಿಡಿದು ಎಳೆದ. ಜುಂಜಪ್ಪ ಕೂಸಿನಂತೆ ಹೊರಗೆ ಬಂದ. ಮುಖ ಕಪ್ಪಾಗಿತ್ತು, ಗಂಜಿ ಮೆತ್ತಿದ ಎರಡೂ ಅಂಗೈ ಕೆಂಪಾಗಿ ಉಬ್ಬಿದ್ದವು. ಯಾರೋ ನೀರು ತಂದು ಕೈಮೇಲೆ ಹೊಯ್ಯುತ್ತಾ ಕೂತರು. ಅವನು ವ್ಯಾನಿನ ಕೆಳಕ್ಕೆ ನೋಡುತ್ತಿದ್ದ. ಅಲ್ಲಿ, ಪಟ್ಟಿಯ ನೇರಕ್ಕೆ, ಬೀಸುವ ಕಲ್ಲು ಇತ್ತು. ಎರಡು ಹೋಳೂ ಒಂದರ ಮೇಲೊಂದು, ಚಪ್ಪಟೆಯಾಗಿ, ಅಲುಗದೆ. ವ್ಯಾನು ಬಿದ್ದದ್ದು ಅದರ ಮೇಲೆ. ಅದನ್ನು ಅಲ್ಲಿ ಇಟ್ಟವನು ತಾನಲ್ಲ ಎಂಬುದು ಜುಂಜಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

“ಇದು ಯಾವಾಗ...” ಎಂದ.

“ನೀವು ಗಾಳಿಗೆ ಹೋದಾಗ,” ಎಂದಳು ಕ್ಯಾತಮ್ಮ. “ಗುಂಡು ಗುಂಡಗಿತ್ತು.”

ಅವಳು ಜ್ಯಾಕನ್ನು ಸೆರಗಿನಲ್ಲಿ ಒರೆಸಿ ಮತ್ತೆ ಎಲೆಯ ಮೇಲೆ ಕೂರಿಸಿ, ನಿಂಬೆಹಣ್ಣು ಇಟ್ಟಳು. ಬೀದಿಯವರೆಲ್ಲ ಅವಳ ಬಲಗೈಯನ್ನೇ ನೋಡುತ್ತಿದ್ದರು. ಕೈ ಮೇಲೆದ್ದಿತು, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿತು.

“ಕಾಟಪ್ಪ,” ಎಂದ ಜುಂಜಪ್ಪ, ಎಲ್ಲರಿಗೂ ಕೇಳುವಂತೆ. “ಬೆಳಗ್ಗೆ ಅಂದಿದ್ದು ನಾನೇ ಕಟ್ಟಿದ ಮಾತು ಕಣೋ. ಹದಿನಾಲ್ಕು ನಂಬರು ತಗೊಂಡು ಹೋಗು.”

“ನಾಳೆ ತಗೋತೀನಿ ಬಿಡಣ್ಣ,” ಎಂದ ಕಾಟಪ್ಪ. “ಕನ್ನಡಿ ಎಲ್ಲಿಗೆ ಹೋಗ್ತದೆ.”

ಅಗ್ನಿಶಾಮಕದವರು ಬಂದಾಗ ಉಳಿದಿದ್ದದ್ದು ಪ್ರಸಾದ ಹಂಚುವುದೊಂದೇ. ಮೂಲೆ ಮನೆಯ ನರ್ಸ್ ಪವಿತ್ರ ಹಬ್ಬದ ರೇಷ್ಮೆ ಸೀರೆಯಲ್ಲೇ ಬಂದು, ಮೊಣಕಾಲೂರಿ, ಎರಡೂ ಕೈಗೆ ಮುಲಾಮು ಹಚ್ಚಿ, ಬೆರಳು ಕಾಣದಂತೆ ಬ್ಯಾಂಡೇಜು ಸುತ್ತಿದಳು. “ಹತ್ತು ದಿನ ಏನೂ ಹಿಡಿಯಂಗಿಲ್ಲ ಅಂಕಲ್,” ಎಂದಳು. ಬೀದಿಯವರು ಆ ಮಾತನ್ನು ಸಮಾಧಾನದಿಂದ ಕೇಳಿಸಿಕೊಂಡರು.

ಸಂಜೆ ಕ್ಯಾತಮ್ಮ ಮೊಳೆಯಲ್ಲಿದ್ದ ಚೀಲವನ್ನು ಇಳಿಸಿ, ಬಳೆ ಎಣಿಸಿ, ಮತ್ತೆ ತೂಗುಹಾಕಿದಳು. ಜುಂಜಪ್ಪ ಗೋಡೆಗೆ ಒರಗಿ ಅದನ್ನು ನೋಡುತ್ತಿದ್ದ. “ನೀನು ಹೋಗಿಬಾ,” ಎಂದ. “ನನ್ನ ಈ ಅವತಾರ ನೋಡಿದ್ರೆ ನಿಮ್ಮಕ್ಕ ಏನಂದಾಳು?”

“ಬರಿಗೈಲಿ ಬರೋಕೆ ಹೇಳಿದ್ಲು. ಇದಕ್ಕಿಂತ ಬರಿಗೈ ಎಲ್ಲಿ ತರ್ತೀರಾ?” ಎಂದಳು ಕ್ಯಾತಮ್ಮ. “ಎಂಟು ಗಂಟೆ ಬಸ್ಸು. ಏಳೂವರೆಗೆ ಕಾಟಪ್ಪ ಆಟೋ ತರ್ತಾನಂತೆ.”

ಬಸ್ಸಿನಲ್ಲಿ ಹಬ್ಬದ ಜನ ಕಿಕ್ಕಿರಿದಿತ್ತು. ಕಂಡಕ್ಟರು ಅವನ ಎರಡು ಬಿಳಿ ಕೈಗಳನ್ನು ನೋಡಿ, “ಎಕ್ಕು, ಎಕ್ಕು,” ಎಂದು ತೆಲುಗಿನಲ್ಲಿ ಹತ್ತಿಸಿಕೊಂಡು, “ಪೆದ್ದಾಯನಿಗೆ, ಹಿರೇರಿಗೆ ಸೀಟು ಬಿಡ್ರಪ್ಪ,” ಎಂದು ಕೂಗಿದ. ಕಂಬಳಿ ಹೆಗಲಿನ ಒಬ್ಬ ಎದ್ದು ನಿಂತ. ಹಾನಗಲ್ ಕ್ರಾಸಿನ ತನಕ ಬಸ್ಸಿನ ಕಿಟಕಿಯೊಂದು ಗಡಗಡ ಅಲುಗುತ್ತಿತ್ತು. ಜುಂಜಪ್ಪ ಅದನ್ನು ನೋಡಿದ, ಬ್ಯಾಂಡೇಜು ನೋಡಿಕೊಂಡ, ಹೊರಗೆ ನೋಡತೊಡಗಿದ.

ಕೆಂಚಕ್ಕ ಬಾಗಿಲಲ್ಲೇ ನಿಂತಿದ್ದಳು.

“ತಲೆ ಬೆಳ್ಳಗಾಗೈತಲ್ಲೇ ಕ್ಯಾತಿ.”

“ನಿನ್ನ ಮುಂದಿನ ಹಲ್ಲೆಲ್ಲೇ?”

ಊರವರು ಬನ್ನಿ ಹಂಚುವುದು ಸಂಜೆಗೆ. ಇವರಿಬ್ಬರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೆಂಚಕ್ಕ ಆಗಲೇ ಕಿತ್ತು ತಂದಿದ್ದ ಬನ್ನಿ ಎಲೆಯನ್ನು ತಂಗಿಯ ಕೈಗಿಟ್ಟಳು. “ಬನ್ನಿ ತಗೊಂಡು ಬಂಗಾರದಂಗಿರೋಣ,” ಎಂದರು ಇಬ್ಬರೂ, ಒಬ್ಬರ ಮಾತಿನ ಮೇಲೊಬ್ಬರು. ಕ್ಯಾತಮ್ಮ ಹೊಸಿಲ ಮೇಲೇ ಕೂತು ಅಕ್ಕನ ಕೈಗೆ ಹಸಿರು ಬಳೆ ತೊಡಿಸಿದಳು.

ಜುಂಜಪ್ಪ ಹೊಸಿಲು ದಾಟಲಿಲ್ಲ. ಜಗಲಿಯ ತುದಿಯಲ್ಲಿ, ಕೈಗಳನ್ನು ಎರಡು ಮೊಲದ ಮರಿಗಳ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಒಳಗೆ ಶಿವಣ್ಣ ತನ್ನ ಮಗ್ಗವನ್ನು ಪೂಜೆಯಿಂದ ಬಿಡಿಸಿ, ಶಾಸ್ತ್ರಕ್ಕೆಂದು ನಾಲ್ಕು ಎಳೆ ನೇಯುತ್ತಿದ್ದ. ಮಗ್ಗ ಕಿರ್ ಎನ್ನುತ್ತಿತ್ತು. ಆರು ವರ್ಷದ ಹಿಂದಿನದೇ ಸದ್ದು.

ಕೆಂಚಕ್ಕ ಹೊರಗೆ ಬಂದಳು. ಅವನ ಕೈ ನೋಡಿದಳು. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ತಟ್ಟೆಯಲ್ಲಿ ಸಾರು ಹಾಕಿ ಮೆತ್ತಗೆ ಕಲೆಸಿದ ಅನ್ನವಿತ್ತು. ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ, ಸಣ್ಣ ಸಣ್ಣ ಚೂರು ಮಾಡಿ ಒಂದು ಬಟ್ಟಲಿಗೆ ಹಾಕಿದ್ದಳು. ಅನ್ನಕ್ಕೆ ಒಂದು ಚಮಚ ಸಿಕ್ಕಿಸಿದ್ದಳು. ತಟ್ಟೆಯನ್ನು ಅವನ ಮಡಿಲಲ್ಲಿಟ್ಟು, ಚಮಚವನ್ನು ಬ್ಯಾಂಡೇಜಿನ ನಡುವೆ ಅವನಿಗೆ ಹಿಡಿತ ಸಿಗುವ ಹಾಗೆ ಕೂರಿಸಿದಳು.

ಚಮಚದ ಹಿಡಿ ಸ್ವಲ್ಪ ಸೊಟ್ಟಗಿತ್ತು.

ಜುಂಜಪ್ಪ ಅದನ್ನು ನೋಡಿದ. ಜಗಲಿಯ ಕಲ್ಲಿನ ಅಂಚನ್ನೂ ನೋಡಿದ. ಅದಕ್ಕೆ ಒತ್ತಿ ಒಂದು ಸಲ ಅಮುಕಿದರೆ ಸಾಕು, ನೇರವಾಗುತ್ತಿತ್ತು. ಒಳಗೆ ಮಗ್ಗ ನಿಂತಿತು. ಹೊಸಿಲಲ್ಲಿ ಕೂತಿದ್ದ ಕ್ಯಾತಮ್ಮ ಉಸಿರು ಬಿಗಿ ಹಿಡಿದಿದ್ದಳು.

ಅವನು ಸೊಟ್ಟ ಚಮಚದಲ್ಲೇ ಒಂದು ತುತ್ತು ಎತ್ತಿ ಬಾಯಿಗಿಟ್ಟ. ಅರ್ಧ ಅನ್ನ ಅಂಗಿಯ ಮೇಲೆ ಬಿತ್ತು. ಕೆಂಚಕ್ಕ ಸೆರಗಿನ ತುದಿಯಿಂದ ಅದನ್ನು ಒರೆಸಿ, ಇನ್ನಷ್ಟು ಸಾರು ತರಲು ಒಳಗೆ ಹೋದಳು. ಮಗ್ಗ ಮತ್ತೆ ಕಿರ್ ಎಂದಿತು.